ಮೂರು ಹೊಸ ವರ್ಷಗಳ ಮನೆ

ವರ್ಷಕ್ಕೆ ಮೂರು ಸಲ ಹೊಸ ವರ್ಷ ಬರುವ ಮನೆಯಲ್ಲಿ ನಾನು ಬೆಳೆದೆ. ಜನವರಿಯದು ಊರಿಗೆಲ್ಲ ಬರುವಂಥದ್ದು, ಅದಕ್ಕೆ ನಮ್ಮಲ್ಲಿ ಅಷ್ಟೇನೂ ಗೌರವವಿರಲಿಲ್ಲ; ಅಪ್ಪ ರಜೆ ಸಿಕ್ಕಿತೆಂದು ತಡವಾಗಿ ಏಳುತ್ತಿದ್ದರು, ಅಷ್ಟೆ. ಕೊನೆಗೆ ಬರುತ್ತಿದ್ದ ಯುಗಾದಿ ಅಮ್ಮನದು, ಒಬ್ಬಟ್ಟಿನದು. ಇವೆರಡರ ನಡುವೆ, ಚಳಿ ಇನ್ನೂ ಬಿಡದಿರುವಾಗ, ಒಂದು ಅಮಾವಾಸ್ಯೆಯ ಆಸುಪಾಸಿನಲ್ಲಿ ಬರುತ್ತಿದ್ದದ್ದು ಮುಂದಿನ ಮನೆಯವರ ಹೊಸ ವರ್ಷ. ನನ್ನ ಪಾಲಿಗೆ ನಿಜವಾದ ಹೊಸ ವರ್ಷ ಅದೇ. ವಾರ ಮೊದಲೇ ಪೊರಕೆ ಹಿಡಿದು ಮನೆಯ ಮೂಲೆಮೂಲೆ ಗುಡಿಸುತ್ತಿದ್ದರು. ಹಬ್ಬದ ದಿನ ಮಾತ್ರ ಪೊರಕೆ ಮುಟ್ಟುವಂತಿಲ್ಲ, ಬಾಗಿಲಿಗೆ ಬಂದ ಅದೃಷ್ಟವನ್ನೂ ಕಸದ ಜೊತೆ ಆಚೆ ತಳ್ಳಿದಂತಾಗುತ್ತದೆ. ಬಾಗಿಲಿನ ಎರಡೂ ಬದಿಗೆ ಕೆಂಪು ಕಾಗದ, ಅದರ ಮೇಲೆ ಮಸಿ ಇನ್ನೂ ಆರದ ದಪ್ಪ ಅಕ್ಷರಗಳು. ತಟ್ಟೆಯಲ್ಲಿ ಗೋಪುರದ ಹಾಗೆ ಜೋಡಿಸಿದ ಕಿತ್ತಳೆ ಹಣ್ಣು. ಮಕ್ಕಳ ಕೈಗೆ ಕೆಂಪು ಲಕೋಟೆ. ನಾನು ಆ ಮನೆಯ ಮಗುವಲ್ಲವೆಂದು ಯಾರಿಗೂ ಹೊಳೆಯುತ್ತಿರಲಿಲ್ಲವಾದ್ದರಿಂದ ಲಕೋಟೆ ನನಗೂ ಬರುತ್ತಿತ್ತು.

ಮುಂದಿನ ಮನೆಯೆಂದರೆ ಬೇರೆ ಮನೆಯೂ ಅಲ್ಲ. ಸನ್ನಿವೇಲ್‌ನ ಒಂದು ಅಗಲವಾದ, ತಗ್ಗು ಮಾಡಿನ ಮನೆಯ ಮುಂಭಾಗದಲ್ಲಿ ಅದರ ಒಡತಿ ಪೊಪೊ, ಅವರ ಮಗಳು ಲಿಂಗ್ ಆಂಟಿ, ಲಿಂಗ್ ಆಂಟಿಯ ಮಗ ಜೇಸನ್ ಇದ್ದರು. ಹಿಂಭಾಗದ ಎರಡು ಕೋಣೆಗಳಲ್ಲಿ ಬಾಡಿಗೆಗೆ ನಾವು. ಪೊಪೊ ಎಂದರೆ ಅವರ ಕ್ಯಾಂಟನೀಸ್ ಮಾತಿನಲ್ಲಿ ತಾಯಿಯ ತಾಯಿ. ಜೇಸನ್ ಕರೆಯುವುದನ್ನು ಕೇಳಿ ನಾನೂ ಹಾಗೇ ಕರೆದೆ, ಆಮೇಲೆ ಅಪ್ಪ ಅಮ್ಮನೂ ಹಾಗೇ ಕರೆಯತೊಡಗಿದರು. ಅವರು ನನ್ನನ್ನು ಮೇಧಾ ಎನ್ನದೆ ‘ಮುಯ್ ಮುಯ್’ ಎನ್ನುತ್ತಿದ್ದರು, ಪುಟ್ಟಿ ಎಂದ ಹಾಗೆ. ನಮ್ಮ ಅಡುಗೆಮನೆ ಒಂದು ಕಾಲದಲ್ಲಿ ಗರಾಜು ಆಗಿದ್ದದ್ದು; ನೆಲ ಸಿಮೆಂಟಿನದು, ಎಷ್ಟು ಒರೆಸಿದರೂ ಕಾರಿನ ಎಣ್ಣೆಯ ಒಂದು ಕಲೆ ಹೋಗುತ್ತಿರಲಿಲ್ಲ. ಅಮ್ಮ ಆ ಕಲೆಯ ಮೇಲೆ ಅಕ್ಕಿ ಡಬ್ಬ ಇಟ್ಟಿದ್ದಳು. ಆ ಅಡುಗೆಮನೆಗೂ ಪೊಪೊನ ಅಡುಗೆಮನೆಗೂ ನಡುವೆ ಒಂದೇ ಗೋಡೆ. ಅಲ್ಲಿ ಬಾಣಲೆಗೆ ಶುಂಠಿ ಬಿದ್ದರೆ ನಮಗೆ ತಿಳಿಯುತ್ತಿತ್ತು, ಇಲ್ಲಿ ಇಂಗಿನ ಒಗ್ಗರಣೆ ಸಿಡಿದರೆ ಅವರಿಗೆ. ನನಗೊಮ್ಮೆ ಜ್ವರ ಬಂದಾಗ ಅಮ್ಮ ಗಂಜಿ ಕಾಯಿಸಿದಳು. ಹಿತ್ತಲ ಬಾಗಿಲಿನಿಂದ ಪೊಪೊ ಇನ್ನೊಂದು ಪಾತ್ರೆ ಹಿಡಿದು ಬಂದರು. ಮುಚ್ಚಳ ತೆಗೆದರೆ ಅದೂ ಗಂಜಿಯೇ. ಇಬ್ಬರು ಹೆಂಗಸರೂ ಒಬ್ಬರ ಪಾತ್ರೆಯನ್ನು ಇನ್ನೊಬ್ಬರು ಬಗ್ಗಿ ನೋಡಿ ನಕ್ಕದ್ದು ನನಗೆ ಜ್ವರದ ಮಂಪರಿನಲ್ಲೂ ನೆನಪಿದೆ.

ಲಿಂಗ್ ಆಂಟಿಗೆ ವಾರವಿಡೀ ಆಫೀಸು. ಆದರೆ ಆಕೆಯ ಪ್ರಾಣವಿದ್ದದ್ದು ಶನಿವಾರದಲ್ಲಿ. ಅಂದು ಬೆಳಿಗ್ಗೆ ಹತ್ತಿರದ ಸಮುದಾಯ ಭವನದಲ್ಲಿ ಹೊಸಬರಿಗೆ ಚೀನಾದ ಪರಿಚಯ ಮಾಡಿಕೊಡುವ ಕ್ಲಾಸು ನಡೆಸುತ್ತಿದ್ದರು. ಅಲ್ಲಿಗೆ ಯಾರು ಯಾರೋ ಬರುತ್ತಿದ್ದರು: ಚೀನಾದ ಹುಡುಗಿಯನ್ನು ಮದುವೆಯಾಗಲಿದ್ದ ಒಬ್ಬ ಮೆಕ್ಸಿಕನ್ ಎಂಜಿನಿಯರು, ಚೀನಾದಿಂದ ಮಗಳನ್ನು ದತ್ತು ತಂದ ಬಿಳಿಯ ದಂಪತಿ, ಲಾಸ್ ಆಲ್ಟೋಸ್‌ನಿಂದ ಸುಮ್ಮನೆ ಕುತೂಹಲಕ್ಕೆ ಬರುತ್ತಿದ್ದ ನಿವೃತ್ತ ಟೀಚರು. ಜೊತೆಗೆ ನನ್ನ ಅಮ್ಮ. ಮೈಸೂರಿನಿಂದ ಬಂದು, ಕೆಲಸಕ್ಕೆ ಹೋಗುವ ಪರವಾನಗಿ ಇಲ್ಲದೆ, ಅಪ್ಪ ರೆಡ್‌ವುಡ್ ಸಿಟಿಯ ಆಫೀಸಿನಿಂದ ಬರುವ ತನಕ ಮನೆಯ ಗೋಡೆ ನೋಡುತ್ತ ಕೂರುತ್ತಿದ್ದ ಅಮ್ಮನಿಗೆ ಆ ಕ್ಲಾಸು ಹಬ್ಬವಾಗಿತ್ತು. ಮೊದಲ ಗಂಟೆ ಹಳೆಯದಕ್ಕೆ: ಕುಂಚ, ಚಹಾ, ಚಂದ್ರನ ತಿಂಗಳುಗಳು. ಎರಡನೆಯ ಗಂಟೆ ಹೊಸದಕ್ಕೆ: ಹಾಂಗ್‌ಕಾಂಗ್‌ನ ಸಿನಿಮಾ ಹಾಡುಗಳನ್ನು ಕಾರಿಯೋಕಿಯಲ್ಲಿ ಹಾಡುವುದು, ಈಗಿನ ಊರುಗಳ ಚೌಕದಲ್ಲಿ ಹೆಂಗಸರು ಸ್ಪೀಕರ್ ಇಟ್ಟುಕೊಂಡು ಸಾಲಾಗಿ ಕುಣಿಯುವ ಕುಣಿತ, ಸಾಬಕ್ಕಿಯಂಥ ಗುಂಡುಗಳನ್ನು ದಪ್ಪ ಸ್ಟ್ರಾ ಹಾಕಿ ಹೀರುವ ಬೋಬಾ ಚಹಾ. ಪೊಪೊಗೆ ಈ ಎರಡನೆಯ ಗಂಟೆ ಕಂಡರೆ ಆಗದು. ಕುಂಚ ಹಿಡಿಯಲು ಬರದವರಿಗೆ ಮೈಕು ಹಿಡಿಯುವುದನ್ನು ಕಲಿಸುತ್ತೀಯಲ್ಲ ಎಂದು ಮಗಳ ಮೇಲೆ ರೇಗುತ್ತಿದ್ದರು. ಲಿಂಗ್ ಆಂಟಿ ಬಿಡುತ್ತಿರಲಿಲ್ಲ: ಹಳೆಯದನ್ನಷ್ಟೇ ತೋರಿಸಿದರೆ ಜನ ಚೀನಾವನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟ ಹೂಜಿ ಅಂದುಕೊಳ್ಳುತ್ತಾರೆ, ನಾವು ಬದುಕಿರುವುದು ಅವರಿಗೆ ಗೊತ್ತಾಗಬೇಡವೇ. ಈ ಜಗಳ ಗೋಡೆಯಾಚೆಯಿಂದ ಕ್ಯಾಂಟನೀಸಿನಲ್ಲಿ ಕೇಳಿಸುತ್ತಿತ್ತು. ಭಾಷೆ ಬರದಿದ್ದರೂ ಅದು ತಾಯಿ ಮಗಳ ಜಗಳವೆಂದು ಅಮ್ಮನಿಗೆ ರಾಗದಲ್ಲೇ ತಿಳಿಯುತ್ತಿತ್ತು.

ಶನಿವಾರದ ಪಾಠಗಳೆಲ್ಲ ಮೊದಲು ನನ್ನ ಮೇಲೆ ಪ್ರಯೋಗವಾಗುತ್ತಿದ್ದವು. ಶುಕ್ರವಾರ ಸಂಜೆ ಶಾಲೆಯಿಂದ ಬಂದವಳೇ ಬ್ಯಾಗು ಎಸೆದು ಮುಂದಿನ ಮನೆಗೆ ಓಡಿದರೆ ಊಟದ ಮೇಜಿನ ಮೇಲೆ ಏನಾದರೊಂದು ಕಾದಿರುತ್ತಿತ್ತು. ಒಮ್ಮೆ ಕತ್ತರಿ, ಕೆಂಪು ಕಾಗದ. ಒಮ್ಮೆ ಬೆರಳುದ್ದದ ಬಟ್ಟಲುಗಳಲ್ಲಿ ಬೇರೆ ಬೇರೆ ಚಹಾ, ಅದರಲ್ಲೊಂದು ಹೊಗೆ ವಾಸನೆಯದು. ನಾನು ಮುಖ ಕಿವುಚಿದ್ದನ್ನು ನೋಡಿ ಲಿಂಗ್ ಆಂಟಿ ಆ ಚಹಾವನ್ನು ಪಾಠದಿಂದಲೇ ತೆಗೆದುಹಾಕಿದರು. ನಾನು ‘ಇಷ್ಟ’ ಎಂದದ್ದು ಉಳಿಯುತ್ತಿತ್ತು, ಬೇಸರಪಟ್ಟದ್ದು ಬಿಟ್ಟುಹೋಗುತ್ತಿತ್ತು. ದೊಡ್ಡವರ ಒಂದು ಕೆಲಸ ನನ್ನ ಮುಖ ನೋಡಿ ತೀರ್ಮಾನವಾಗುತ್ತದೆಂಬ ಹೆಮ್ಮೆಗೆ ನಾನು ರಾತ್ರಿ ಸರಿಯಾಗಿ ನಿದ್ದೆ ಕೂಡ ಮಾಡುತ್ತಿರಲಿಲ್ಲ.

ಹೀಗಿರುವಾಗ ಒಂದು ಬೇಸಿಗೆಯ ಮೊದಲಲ್ಲಿ ಉಡುಪಿಯಿಂದ ಅಜ್ಜಿ ಬಂದರು. ಅಪ್ಪನ ತಾಯಿ. ಅಜ್ಜ ತೀರಿಕೊಂಡು ವರ್ಷಾಂತಿಕ ಮುಗಿದ ಮೇಲೆ ಅಪ್ಪ ಹೋಗಿ ಹಟಮಾಡಿ ಕರೆತಂದಿದ್ದರು. ಅಜ್ಜಿ ನೀರುಳ್ಳಿ, ಬೆಳ್ಳುಳ್ಳಿ ಮುಟ್ಟುವವರಲ್ಲ. ಬೇರೆಯವರ ಕೈಯ ಅಡುಗೆ ಉಣ್ಣುವವರಲ್ಲ. ಬಂದ ಮೊದಲ ದಿನವೇ ಗೋಡೆಯಾಚೆಯಿಂದ ಒಣಮೀನಿನ ವಾಸನೆ ತೇಲಿ ಬಂತು. ಅಜ್ಜಿ ತಟ್ಟೆ ಬಿಟ್ಟೆದ್ದರು. ಇಂಥ ಮನೆಯಲ್ಲಿ ತುಳಸಿಗೆ ನೀರು ಹಾಕುವುದು ಹೇಗೆ ಎಂದರು. ಅಮ್ಮ, ಇದು ಅವರ ಮನೆ ಅತ್ತೆ, ನಾವು ಬಾಡಿಗೆಯವರು ಎಂದಳು. ಆ ಮಾತು ಅಜ್ಜಿಗೆ ಬೇರೆ ಥರ ಕೇಳಿಸಿತು. ತಾನು ಈ ಮನೆಗೆ ಹೊರಗಿನವಳು ಎಂದಂತೆ. ಆಮೇಲೆ ವಾರಗಟ್ಟಲೆ ಇಬ್ಬರ ನಡುವೆ ಮಾತುಕತೆ ನನ್ನ ಮೂಲಕ ನಡೆಯಿತು. ಅಜ್ಜಿ ಕೋಣೆಯ ಕಿಟಕಿಯ ಪಕ್ಕ ಕುರ್ಚಿ ಹಾಕಿಸಿಕೊಂಡು ಅಲ್ಲಿಂದ ಕದಲದೆ ಕೂತರು. ಹಿತ್ತಲಿಗೆ ಇಳಿಯಲಿಲ್ಲ. ನಾನಾಗ ಕನ್ನಡ ಕೇಳಿದರೆ ತಿಳಿದುಕೊಳ್ಳುತ್ತಿದ್ದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲೇ ಬರುತ್ತಿತ್ತು. ಅಜ್ಜಿಯ ಜೊತೆ ಅದು ನಡೆಯದೆ, ತಡವರಿಸುತ್ತ ಕನ್ನಡವಾಡಲು ಕಲಿತದ್ದು ಆ ಕುರ್ಚಿಯ ಬಳಿಯೇ.

ಅಜ್ಜಿಯನ್ನು ಕುರ್ಚಿಯಿಂದ ಎಬ್ಬಿಸಿದ್ದು ಬಸಳೆ. ಪೊಪೊ ಹಿತ್ತಲಿನ ಬೇಲಿಗೆ ಹಬ್ಬಿಸಿದ್ದ ಬಳ್ಳಿಗಳಲ್ಲಿ ಒಂದು, ಬಿಸಿಲು ಏರುತ್ತಿದ್ದ ಹಾಗೆ, ಕೆಂಪು ದಂಟು ದಪ್ಪ ಎಲೆ ಬಿಟ್ಟು ಮೇಲೇರಿತು. ಒಂದು ಬೆಳಿಗ್ಗೆ ಅಜ್ಜಿ ಕಿಟಕಿಗೆ ಮುಖ ತಾಗಿಸಿ ಬಹಳ ಹೊತ್ತು ನೋಡಿದರು.

“ಮೇಧಾ, ಅದು ಎಂತ ಬಳ್ಳಿ ಅಂತ ಕೇಳಿ ಬಾ. ಬಸಳೆಯ ಹಾಗೆಯೇ ಉಂಟಲ್ಲ.”

ನಾನು ಕೇಳಲು ಹೋಗುವಷ್ಟರಲ್ಲಿ ಅಜ್ಜಿ ತಾವೇ ಅಪ್ಪನ ಚಪ್ಪಲಿ ಮೆಟ್ಟಿಕೊಂಡು ಹಿತ್ತಲಿಗೆ ಇಳಿದಿದ್ದರು. ಎಲೆಯೊಂದನ್ನು ಹಿಸುಕಿ ಲೋಳೆ ನೋಡಿದರು, ಮೂಸಿದರು. ಉಡುಪಿಯವರಿಗೆ ಬಸಳೆಯೆಂದರೆ ಏನೆಂದು ಬೇರೆಯವರಿಗೆ ಹೇಳಿ ತಿಳಿಸುವುದು ಕಷ್ಟ. ನೀರಿನ ಪೈಪು ಹಿಡಿದು ನಿಂತಿದ್ದ ಪೊಪೊ ಏನೂ ಕೇಳಲಿಲ್ಲ. ಕತ್ತರಿ ತಂದು ತೋಳು ತುಂಬುವಷ್ಟು ಕೊಯ್ದುಕೊಟ್ಟರು. ಆ ದಿನ ನಮ್ಮ ಗರಾಜು ಅಡುಗೆಮನೆಯಲ್ಲಿ ಅಜ್ಜಿ ಬಸಳೆ ಹುಳಿ ಮಾಡಿದರು, ಅಮ್ಮನನ್ನು ತಾವೇ ಕರೆದು ಉಪ್ಪು ನೋಡಿಸಿದರು. ಮರುದಿನದಿಂದ ಬೆಳಕು ಹರಿಯುವ ಮೊದಲೇ ಅಜ್ಜಿ ಹಿತ್ತಲಿನಲ್ಲಿರುತ್ತಿದ್ದರು, ಸೀರೆಯ ಮೇಲೆ ಸ್ವೆಟರು, ಕಾಲಿಗೆ ಅಪ್ಪ ತಂದುಕೊಟ್ಟ ಬೂದು ಬಣ್ಣದ ಸ್ಪೋರ್ಟ್ಸ್ ಶೂ. ಸ್ವಲ್ಪ ಹೊತ್ತಿಗೆ ಮುಂದಿನ ಮನೆಯ ಬಾಗಿಲು ತೆರೆದು ಪೊಪೊ ಬರುತ್ತಿದ್ದರು. ಇಬ್ಬರಿಗೂ ಸಾಮಾನ್ಯವಾದ ಒಂದು ಭಾಷೆಯೂ ಇರಲಿಲ್ಲ. ಅಜ್ಜಿ ಕನ್ನಡದಲ್ಲೂ ನಡುವೆ ತುಳುವಿನಲ್ಲೂ ಮಾತಾಡುತ್ತಿದ್ದರು, ಪೊಪೊ ಕ್ಯಾಂಟನೀಸಿನಲ್ಲಿ. ಯಾರೂ ಯಾರ ಉತ್ತರಕ್ಕೂ ಕಾಯದೆ ಮಾತು ಸಲೀಸಾಗಿ ಸಾಗುತ್ತಿತ್ತು.

ಶ್ರಾವಣದಲ್ಲಿ ಅಮ್ಮ ವರಮಹಾಲಕ್ಷ್ಮಿ ಮಾಡಿದಳು. ಬೆಂಗಳೂರು, ಮೈಸೂರಿನ ಕಡೆಯ ಗೆಳತಿಯರು ರೇಷ್ಮೆ ಸೀರೆಯಲ್ಲಿ ಬಂದರು. ಲಿಂಗ್ ಆಂಟಿ, ಪೊಪೊ ಕೂಡ. ಹೆಂಗಸರು ಬರುತ್ತಿದ್ದ ಹಾಗೇ ಅಜ್ಜಿ ಒಳಕೋಣೆಗೆ ಹೋಗಿ ಕೂತರು. ಯಾರೂ ಹೋಗಿ ಎಂದಿರಲಿಲ್ಲ. ಬನ್ನಿ ಎಂದೂ ಯಾರೂ ಹೇಳಲಿಲ್ಲ. ಅಮ್ಮ ಬಂದವರಿಗೆಲ್ಲ ಅರಿಶಿನ ಕುಂಕುಮ ಕೊಡುತ್ತ ಹೋದಳು, ಸಾಲಿನಲ್ಲಿ ಪೊಪೊಗೂ ಕೊಟ್ಟಳು. ಪೊಪೊ ಹಣೆಯ ನಡುವೆ ದೊಡ್ಡದಾಗಿ ಕುಂಕುಮ ಒತ್ತಿಕೊಂಡು, ಕನ್ನಡಿ ಎಲ್ಲಿದೆಯೆಂದು ಸನ್ನೆಯಲ್ಲಿ ಕೇಳಿ, ನೋಡಿಕೊಂಡು ಸಂತೋಷಪಟ್ಟರು. ಕೋಣೆಯ ಬಾಗಿಲಿನ ಸಂದಿನಿಂದ ಅಜ್ಜಿ ಅದನ್ನು ಕಂಡಿದ್ದರು. ಎಲ್ಲರೂ ಹೋದ ಮೇಲೆ ನನ್ನನ್ನು ಕರೆದು, ಆ ಪೊಪೊನ ಗಂಡ ಇದ್ದಾನಾ ಎಂದು ಕೇಳಿದರು. ಇಲ್ಲ, ಜೇಸನ್ ಹುಟ್ಟುವ ಮೊದಲೇ ಸತ್ತುಹೋಗಿದ್ದಾರೆ, ಮುಂದಿನ ಮನೆಯಲ್ಲಿ ಫೋಟೋ ಇದೆ, ಅದರ ಮುಂದೆ ದಿನಾ ಹಣ್ಣಿಡುತ್ತಾರೆ ಎಂದೆ. ಅಜ್ಜಿ ಹೌದಾ ಎಂದರು.

ಆ ಶರತ್ಕಾಲ ನನಗೆ ಚಂದ್ರನ ಕಾಲ. ಗಣೇಶ ಚೌತಿಯ ಸಂಜೆ ಅಜ್ಜಿ ನನ್ನನ್ನು ಹೊರಗೆ ಬಿಡಲಿಲ್ಲ; ಚೌತಿಯ ಚಂದ್ರನನ್ನು ನೋಡಿದರೆ ಮಾಡದ ತಪ್ಪು ತಲೆಗೆ ಬರುತ್ತದೆ. ಪರದೆ ಎಳೆದರು. ನೋಡಬಾರದೆಂದರೆ ನೋಡಬೇಕೆನಿಸಿ ನಾನು ಚಡಪಡಿಸಿದೆ. ಅದೇ ಚಂದ್ರ ತುಂಬಿ ಹುಣ್ಣಿಮೆಯಾದ ದಿನ ಮುಂದಿನ ಮನೆಯಲ್ಲಿ ಚಂದ್ರನನ್ನು ನೋಡುವುದೇ ಹಬ್ಬ. ಹಿತ್ತಲಿನಲ್ಲಿ ಮೇಜು ಹಾಕಿ, ಕಾಗದದ ದೀಪ ತೂಗುಹಾಕಿ, ನೋಡು ನೋಡು ಎಂದು ಕರೆಯುತ್ತಿದ್ದರು. ಚಂದ್ರನ ಕೇಕಿನಲ್ಲಿ ಹಂದಿಯ ಕೊಬ್ಬು, ಮೊಟ್ಟೆಯ ಹಳದಿ ಇರುತ್ತದೆಂದು ಲಿಂಗ್ ಆಂಟಿ ಮೊದಲೇ ಹೇಳಿದ್ದರಿಂದ ಪೊಪೊ ನಮಗಾಗಿ ಚಕ್ಕೋತ ಹಣ್ಣು ಬಿಡಿಸಿದರು. ಅಜ್ಜಿ ಗೋಡೆಯ ಪಂಚಾಂಗ ತಂದರು. ಪೊಪೊ ದಿನಕ್ಕೊಂದು ಹಾಳೆ ಹರಿಯುವ ತಮ್ಮ ಕ್ಯಾಲೆಂಡರು ತಂದರು. ಬೆರಳಿಟ್ಟು ನೋಡುತ್ತ ಹೋದರೆ ಹುಣ್ಣಿಮೆಗೆ ಹುಣ್ಣಿಮೆ ಕೂಡುತ್ತಿತ್ತು, ಅಮಾವಾಸ್ಯೆಗೆ ಅಮಾವಾಸ್ಯೆ. ತಾನು ತಿಂಗಳ ಮೊದಲ ದಿನ ಮತ್ತು ಹುಣ್ಣಿಮೆಯ ದಿನ ಮಾಂಸ ಮುಟ್ಟುವುದಿಲ್ಲ ಎಂದು ಪೊಪೊ ಹೇಳಿಸಿದರು. ಅಜ್ಜಿ ಅಮ್ಮನ ಕಡೆ ತಿರುಗಿ, ನೋಡು, ಅವಳಿಗೂ ಆಚಾರ ಉಂಟು ಎಂದರು. ಅಂದಿನಿಂದ ಒಣಮೀನಿನ ಮಾತು ಮನೆಯಲ್ಲಿ ಏಳಲಿಲ್ಲ. ವಾಸನೆ ಬಂದರೆ ಅಜ್ಜಿ ಎದ್ದು ಕಿಟಕಿ ತೆರೆಯುತ್ತಿದ್ದರು, ಅಷ್ಟೆ.

ಚಳಿಗಾಲಕ್ಕೆ ಸಿಂಹ ಬಂತು. ಲಿಂಗ್ ಆಂಟಿಯ ಕ್ಲಾಸಿನವರೇ ಈ ಸಲ ಹೊಸ ವರ್ಷಕ್ಕೆ ಸಿಂಹ ಕುಣಿಸುವುದೆಂದು ತೀರ್ಮಾನವಾಗಿ, ಮಕ್ಕಳ ಅಳತೆಯ ಒಂದು ಸಿಂಹದ ತಲೆ ಹಾಂಗ್‌ಕಾಂಗ್‌ನಿಂದ ದೊಡ್ಡ ಪೆಟ್ಟಿಗೆಯಲ್ಲಿ ಬಂದಿಳಿಯಿತು. ಬಿದಿರಿನ ಚೌಕಟ್ಟು, ಅದರ ಮೇಲೆ ಬಣ್ಣದ ಕಾಗದ, ಹುಬ್ಬಿಗೆ ಬಿಳಿ ಉಣ್ಣೆ, ದಾರ ಎಳೆದರೆ ಬಡಿಯುವ ರೆಪ್ಪೆ, ಬಾಯಿ. ನಾನು ಮುಟ್ಟಲು ಹೋದಾಗ ಪೊಪೊ ಕೈ ಹಿಡಿದರು. ಅದಿನ್ನೂ ಮಲಗಿದೆ. ಹಿರಿಯರೊಬ್ಬರು ಕೆಂಪು ಬಣ್ಣದಲ್ಲಿ ಕಣ್ಣು ಬರೆದು ಎಬ್ಬಿಸುವ ತನಕ ಅದನ್ನು ಕುಣಿಸುವಂತಿಲ್ಲ. ಹಾಗಾಗಿ ನಾವು ಅಭ್ಯಾಸ ಮಾಡಿದ್ದು ಟೀವಿಯ ರಟ್ಟಿನ ಪೆಟ್ಟಿಗೆ, ಅದಕ್ಕೆ ಕಟ್ಟಿದ ಅಮ್ಮನ ಹಳೆಯ ಸೀರೆ ಇಟ್ಟುಕೊಂಡು. ತಲೆ ಜೇಸನ್, ಬಾಲ ನಾನು. ಬಾಲವೆಂದರೆ ಸೊಂಟ ಬಗ್ಗಿಸಿ, ಮುಂದಿನವನ ನಡುಪಟ್ಟಿ ಹಿಡಿದು, ಏನೂ ಕಾಣದೆ, ಅವನ ಹೆಜ್ಜೆಗೆ ಹೆಜ್ಜೆ ಹಾಕುವುದು. ಬೆನ್ನು ಸೆಟೆದುಹೋಗುತ್ತಿತ್ತು, ತೊಡೆ ನಡುಗುತ್ತಿತ್ತು. ಆ ಸೀರೆಯೊಳಗಿನ ಸೆಕೆಯಲ್ಲಿ, ಡೋಲಿನ ಸದ್ದು ನೆಲದಿಂದ ಅಂಗಾಲಿಗೆ ಏರುತ್ತಿದ್ದಾಗ ಆಗುತ್ತಿದ್ದ ಸಂತೋಷವನ್ನು ನಾನು ಮುಂದೆ ಬೇರೆಲ್ಲೂ ಕಂಡಿಲ್ಲ. ಅಜ್ಜಿ ಮೊದಲು ಹೆಣ್ಣುಮಗುವಿಗೆ ಇದೆಲ್ಲ ಎಂತಕ್ಕೆ ಎಂದರು. ಆಮೇಲೆ ಹಿತ್ತಲಿಗೆ ಕುರ್ಚಿ ತರಿಸಿ ಕೂತರು. ನಮ್ಮ ಅಷ್ಟಮಿಯ ಹುಲಿವೇಷ ನೋಡಬೇಕು ನೀವು, ಹುಲಿ ಹೀಗೆ ಅವಸರ ಮಾಡುದಿಲ್ಲ, ತಾಸೆ ಡೋಲಿನ ಪೆಟ್ಟು ಬೀಳುವ ತನಕ ಕಾದು ಹೆಜ್ಜೆ ಇಡುತ್ತದೆ ಎಂದು ಕುರ್ಚಿಯ ಕೈಯ ಮೇಲೆ ಬಡಿದು ತೋರಿಸಿದರು. ಡೋಲು ಬಾರಿಸುತ್ತಿದ್ದ ಲಿಂಗ್ ಆಂಟಿ ಅದನ್ನು ಕೇಳಿ, ಇನ್ನೊಮ್ಮೆ ಬಡಿಯಿರಿ ಎಂದರು.

ಆ ವರ್ಷ ಅವರ ಹೊಸ ವರ್ಷ ಭಾನುವಾರ ಬಂತು. ಸಿಂಹದ ಕಾರ್ಯಕ್ರಮ ಮುಂದಿನ ಶನಿವಾರಕ್ಕೆ. ಹಬ್ಬದ ಮೊದಲ ದಿನ ಪೊಪೊನ ಮನೆಯಲ್ಲಿ ಮಾಂಸವಿಲ್ಲ. ‘ಜಾಯ್’ ಎಂಬ ಒಂದೇ ದೊಡ್ಡ ಪಾತ್ರೆಯ ಅಡುಗೆ: ಅಣಬೆ, ತೋಫು, ಎಲೆಕೋಸು, ಗಾಜಿನೆಳೆಯಂಥ ಶಾವಿಗೆ. ಅದಕ್ಕೆ ಒಣಗಿಸಿದ ಸಿಂಪಿ ಹಾಕುವ ರೂಢಿಯಿದ್ದರೂ ನಮಗಾಗಿ ಬಿಟ್ಟಿದ್ದರು. ಅಜ್ಜಿ ಬರುವುದಿಲ್ಲವೆಂದೇ ನಾವೆಲ್ಲ ಅಂದುಕೊಂಡಿದ್ದೆವು. ಬಂದರು. ಪಾತ್ರೆಯ ಪಕ್ಕ ನಿಂತು, ಇದೇನು ಅದೇನು ಎಂದು ನನ್ನಿಂದ ಒಂದೊಂದನ್ನೂ ಕೇಳಿಸಿದರು. ಬೆಳ್ಳುಳ್ಳಿ ಎಂದು ಕೇಳಿದಾಗ ಪೊಪೊ ಗಾಬರಿಯಾಗಿ ಕೈ ಅಲ್ಲಾಡಿಸಿದರು. ಬೆಳ್ಳುಳ್ಳಿ, ನೀರುಳ್ಳಿ ಇಂದು ನಿಷಿದ್ಧ.

“ಹಾಗಾದರೆ ನಮ್ಮದಕ್ಕಿಂತ ಹೆಚ್ಚು ಮಡಿ ಉಂಟು ಇವರದ್ದು,” ಎಂದರು ಅಜ್ಜಿ, ಅಪ್ಪನಿಗೆ ಕೇಳುವ ಹಾಗೆ. ಒಂದು ಬಟ್ಟಲು ಹಾಕಿಸಿಕೊಂಡರು. ಅಮ್ಮ ನನ್ನ ಕೈ ಒತ್ತಿದಳು. ಅಜ್ಜಿ ಬೇರೆಯವರ ಮನೆಯಲ್ಲಿ ಬೇಯಿಸಿದ್ದನ್ನು ಉಂಡದ್ದು ಅಪ್ಪನೂ ಅದುವರೆಗೆ ಕಂಡಿರಲಿಲ್ಲ.

ಊಟವಾದ ಮೇಲೆ ಪೊಪೊ ಮಗಳಿಗೆ ಏನೋ ಹೇಳಿದರು, ಲಿಂಗ್ ಆಂಟಿ ಅದನ್ನು ಇಂಗ್ಲಿಷಿನಲ್ಲಿ ನಮಗೆ ಹೇಳಿದರು. ಸಿಂಹಕ್ಕೆ ಕಣ್ಣು ಬರೆಯುವವರು ಮನೆಯ ಹಿರಿಯರಾಗಿರಬೇಕು. ಅಜ್ಜಿ ತನಗಿಂತ ದೊಡ್ಡವರು. ಅವರೇ ಬರೆಯಬೇಕೆಂದು ತನ್ನ ಆಸೆ.

ನಾನು ಕುಣಿದುಬಿಟ್ಟೆ. ಅಜ್ಜಿಗೆ ಕನ್ನಡದಲ್ಲಿ ಹೇಳಿದೆ, ಹೇಳುವ ಅವಸರದಲ್ಲಿ ಅರ್ಧ ಇಂಗ್ಲಿಷೇ ಬಂತು. ಅಜ್ಜಿಗೆ ಅರ್ಥವಾಯಿತು. ಅವರ ಮುಖದಲ್ಲಿ ಒಂದು ಗಳಿಗೆ ಏನೋ ಹೊಳೆದು ಮತ್ತೆ ಆರಿತು. ಸೆರಗನ್ನು ಹೆಗಲ ಮೇಲೆ ಸರಿಮಾಡಿಕೊಂಡು ನೆಲ ನೋಡುತ್ತ ಮಾತಾಡಿದರು.

“ದೇವರ ಪ್ರತಿಷ್ಠೆಯಲ್ಲಿಯೂ ಕಣ್ಣು ತೆರೆಯುವ ಶಾಸ್ತ್ರ ಉಂಟು. ಆಗ ಎದುರಿಗೆ ಯಾರು ನಿಲ್ಲಬೇಕು, ಯಾರು ನಿಲ್ಲಬಾರದು ಅಂತ ಉಂಟು. ಗಂಡ ಹೋದವಳು ನಾನು. ಕಣ್ಣು ಬಿಟ್ಟ ಕೂಡಲೇ ಅದು ನನ್ನ ಮುಖ ನೋಡಿದರೆ ಅದಕ್ಕೆ ಒಳ್ಳೆಯದಾಗುದಿಲ್ಲ. ಮಕ್ಕಳು ಕುಣಿಯುವ ಸಿಂಹ ಅದು. ಬೇಡ ಅಂತ ಹೇಳು.”

ಅಪ್ಪ ಚಕ್ಕನೆ ನಡುವೆ ಬಂದರು. ನಗುತ್ತ, ಇಂಗ್ಲಿಷಿನಲ್ಲಿ, ತನ್ನ ತಾಯಿಗೆ ಮಂಡಿ ನೋವು, ಅಷ್ಟು ಹೊತ್ತು ನಿಲ್ಲಲು ಆಗುವುದಿಲ್ಲ, ಬಹಳ ಥ್ಯಾಂಕ್ಸ್ ಎಂದರು. ಅಪ್ಪ ಹಾಗೆ ಹೇಳಿದ್ದು ಅಜ್ಜಿಯ ಮರ್ಯಾದೆ ಕಾಯಲೆಂದು ಈಗ ನನಗೆ ತಿಳಿಯುತ್ತದೆ. ಆದರೆ ಆಗ ನಾನು ತಲೆಯೆತ್ತಿ ಅಪ್ಪನನ್ನೇ ನೋಡಿದೆ. ಅಜ್ಜಿ ಮಂಡಿಯ ಮಾತೇ ಎತ್ತಿರಲಿಲ್ಲ. ಇಷ್ಟು ದಿನ ಈ ಎರಡು ಮನೆಗಳ ನಡುವೆ ಮಾತು ಹೊತ್ತು ತಿರುಗುತ್ತಿದ್ದವಳು ನಾನು. ಸಣ್ಣದೋ ದೊಡ್ಡದೋ, ಅಲ್ಲಿಯದನ್ನು ಇಲ್ಲಿಗೆ ಇದ್ದ ಹಾಗೇ ಮುಟ್ಟಿಸುತ್ತಿದ್ದೆ. ಬಾಯಿ ತಾನಾಗಿ ತೆರೆಯಿತು. ಅಜ್ಜಿ ಹೇಳಿದ್ದು ಅದಲ್ಲ ಎಂದೆ. ಆಮೇಲೆ ಹೇಳಿದ್ದನ್ನು ಹೇಳಿದೆ. ವಿಧವೆ ಎಂಬುದಕ್ಕೆ ಇಂಗ್ಲಿಷಿನ ಶಬ್ದ ಗೊತ್ತಿತ್ತು. ಶಬ್ದವನ್ನು ಹೇಳುತ್ತಿದ್ದ ಹಾಗೆ, ವರಮಹಾಲಕ್ಷ್ಮಿಯ ದಿನ ಆ ಒಳಕೋಣೆಯ ಬಾಗಿಲು ಯಾಕೆ ಮುಚ್ಚಿತ್ತೆಂದು ನನಗೆ ಒಮ್ಮೆಲೇ ತಿಳಿಯಿತು. ಆದರೂ ಕೊನೆಯ ಮಾತಿನ ತನಕ ಹೇಳಿ ಮುಗಿಸಿದೆ. ಅಮ್ಮ ಗೋಡೆಗೆ ಒರಗಿ ನಿಂತಿದ್ದಳು. ಅಪ್ಪ ಕನ್ನಡಕ ತೆಗೆದು ಒರೆಸತೊಡಗಿದರು.

ಲಿಂಗ್ ಆಂಟಿ ತಗ್ಗಿದ ದನಿಯಲ್ಲಿ ತಾಯಿಗೆ ಎಲ್ಲವನ್ನೂ ತಿಳಿಸಿದರು. ಪೊಪೊ ಕೇಳುತ್ತ ಕೇಳುತ್ತ ಹುಬ್ಬು ಗಂಟಿಕ್ಕಿದರು. ಯಾರ ಮೇಲೋ ಸಿಟ್ಟು ಬಂದ ಹಾಗಿತ್ತು. ಬಳಿಕ ಮೇಜಿನ ಮೇಲೆ ಅಂಗೈಯೂರಿ, ಅಜ್ಜಿಯನ್ನೇ ನೋಡುತ್ತ, ನಿಧಾನವಾಗಿ ಮಾತಾಡಿದರು. ಲಿಂಗ್ ಆಂಟಿ ಅದನ್ನು ಹೇಳುತ್ತ ತಾವೇ ನಕ್ಕರು. ಇನ್ನು ಉಳಿದದ್ದು ನನ್ನ ಪಾಲಿನ ಕೆಲಸ.

“ಅಜ್ಜಿ, ಪೊಪೊ ಹೇಳ್ತಿದಾರೆ, ಸಮ್ಮರ್ ಪೂರ್ತಿ ಬೆಳಿಗ್ಗೆ ಎದ್ದು ಡೋರ್ ಓಪನ್ ಮಾಡಿದ್ರೆ ಫಸ್ಟು ಕಾಣೋದು ನಿಮ್ ಮುಖಾನೇ ಅಂತೆ. ದಿನಾ ಅಂತೆ. ಅವ್ರಿಗೆ ಏನೂ ಆಗ್ಲಿಲ್ವಂತೆ. ಮಂಡಿ ನೋವು ಕೂಡ ಕಮ್ಮಿ ಆಯ್ತಂತೆ.”

ಅಜ್ಜಿ ತಲೆಯೆತ್ತಿದರು. ಪೊಪೊ ತಮ್ಮ ಮಂಡಿಯನ್ನು ಎರಡು ಸಲ ತಟ್ಟಿ ತೋರಿಸಿದರು. ಇಬ್ಬರು ಮುದುಕಿಯರೂ ಒಬ್ಬರನ್ನೊಬ್ಬರು ನೋಡುತ್ತ ಕೂತರು. ಕೊನೆಗೆ ಅಜ್ಜಿ ಮೂಗಿನಲ್ಲೇ ಸಣ್ಣಗೆ ನಕ್ಕರು.

“ನನಗೆ ಕುಂಚ ಹಿಡಿದು ಗೊತ್ತಿಲ್ಲ, ಮಾರಾಯ್ತಿ. ಕಣ್ಣು ಓರೆಯಾದರೆ ಅದಕ್ಕೆ ನಾನು ಜನ ಅಲ್ಲ, ನನ್ನನ್ನು ದೂರಬಾರದು ಅಂತ ಹೇಳು.”

ಆ ವಾರ ನಮ್ಮ ಎರಡು ಮನೆಗಳೂ ಒಂದಾಗಿಹೋದವು. ನಡುವಿನ ಹಿತ್ತಲ ಬಾಗಿಲು ಮುಚ್ಚಿದ ನೆನಪೇ ನನಗಿಲ್ಲ. ಪೊಪೊ ಹಳೆಯ ಕಾಗದ ಹರಡಿ ಅಜ್ಜಿಗೆ ಕುಂಚ ಹಿಡಿಸಿದರು. ಪೆನ್ನಿನ ಹಾಗೆ ವಾಲಿಸಬಾರದು, ನೆಟ್ಟಗೆ ನಿಲ್ಲಿಸಬೇಕು. ಮೊಣಕೈ ಮೇಜಿಗೆ ತಾಗಬಾರದು. ಅಜ್ಜಿ ರಂಗೋಲಿಯ ಚುಕ್ಕಿ ಇಡುವ ಹಾಗೆ ಇಟ್ಟರೆ ಪೊಪೊ ತಲೆಯಾಡಿಸಿ ಕೈಯ ಮೇಲೆ ಕೈಯಿಟ್ಟು ತಿದ್ದುತ್ತಿದ್ದರು. ಕಾಗದದ ತುಂಬ ಕೆಂಪು ಚುಕ್ಕಿಗಳಾದವು. ನಾನೂ ಜೇಸನ್ನೂ ಹಿತ್ತಲಿನಲ್ಲಿ ರಟ್ಟಿನ ಪೆಟ್ಟಿಗೆ ಹೊತ್ತು ಕುಣಿದೆವು; ಲಿಂಗ್ ಆಂಟಿ ಆಫೀಸಿನ ಮೀಟಿಂಗುಗಳನ್ನು ಬೇಗ ಮುಗಿಸಿ ಬಂದು ಡೋಲಿನ ಮುಂದೆ ನಿಲ್ಲುತ್ತಿದ್ದರು, ಅಜ್ಜಿ ಕಲಿಸಿದ ಆ ತಡೆದು ಬೀಳುವ ಪೆಟ್ಟನ್ನು ನಡುವೆ ಸೇರಿಸಿದ್ದರು. ಅಪ್ಪ ಒಂದು ಸಂಜೆ ಅಜ್ಜಿಯ ಪಕ್ಕ ಕೂತು, ನೀನು ಒಳಗೆ ಹೋಗಿ ಕೂರುವುದು ನನಗೂ ಇಷ್ಟವಿರಲಿಲ್ಲ ಅಮ್ಮ, ಹೇಗೆ ಹೇಳುವುದೆಂದು ಗೊತ್ತಾಗಲಿಲ್ಲ ಎಂದರು. ಅಜ್ಜಿ ಕಾಗದದಿಂದ ಕಣ್ಣು ತೆಗೆಯದೆ, ಸರಿ ಬಿಡು, ಬೆಳಕಿಗೆ ಅಡ್ಡ ಕೂರಬೇಡ ಎಂದರು.

ಶನಿವಾರ ಸಮುದಾಯ ಭವನ ತುಂಬಿತ್ತು. ಕ್ಲಾಸಿನವರು, ಅವರ ಮಕ್ಕಳು, ಅಮ್ಮನ ಗೆಳತಿಯರು, ಜೇಸನ್ನನ ಶಾಲೆಯವರು. ಅಮ್ಮ ಬೆಳಿಗ್ಗೆಯೇ ಅಜ್ಜಿಯ ಮೆರೂನ್ ಬಣ್ಣದ ಹತ್ತಿ ಸೀರೆಗೆ ತಾನೇ ಇಸ್ತ್ರಿ ಹಾಕಿ, ನೆರಿಗೆ ಹಿಡಿದು ಉಡಿಸಿದ್ದಳು. ಅಷ್ಟನ್ನು ನಾನು ನೋಡಿದ್ದೆ. ಆಮೇಲಿನದನ್ನು ನೋಡಲಿಲ್ಲ, ಯಾಕೆಂದರೆ ನಾನು ಬಾಲ. ನೆಲಕ್ಕೆ ಕುಸಿದು ಮಲಗಿದ ಸಿಂಹದೊಳಗೆ, ಹೊಸ ಬಟ್ಟೆಯ ವಾಸನೆಯಲ್ಲಿ, ಜೇಸನ್ನನ ನಡುಪಟ್ಟಿ ಹಿಡಿದು ಮುದುಡಿಕೊಂಡಿದ್ದೆ. ಅಂಚಿನ ಕೆಳಗೆ ಒಂದು ಗೇಣು ಜಾಗ; ಅಲ್ಲಿಂದ ಮರದ ನೆಲ, ಜನರ ಕಾಲು ಕಾಣುತ್ತಿದ್ದವು. ಡೋಲು ನಿಂತಿತು. ಲಿಂಗ್ ಆಂಟಿ ಮೈಕಿನಲ್ಲಿ ಅಜ್ಜಿಯ ಹೆಸರು ಹೇಳಿದರು, ಪೂರ್ತಿ ಹೆಸರು, ಪದ್ಮಾವತಿ ಎಂದು. ಆ ಹೆಸರನ್ನು ಯಾರಾದರೂ ಗಟ್ಟಿಯಾಗಿ ಕೂಗಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಸ್ವಲ್ಪ ಹೊತ್ತು ಯಾವ ಕಾಲೂ ಬರಲಿಲ್ಲ. ಬರುವುದಿಲ್ಲವೇನೋ ಎಂದು ಇನ್ನಷ್ಟು ಬಗ್ಗಿ ನೋಡಿದೆ. ಆಮೇಲೆ ಆ ಬೂದು ಶೂ ಕಂಡವು, ಪಕ್ಕದಲ್ಲಿ ಪೊಪೊನ ಕಪ್ಪು ಬಟ್ಟೆಯ ಚಪ್ಪಲಿ. ನಾಲ್ಕೂ ಕಾಲು ಸಿಂಹದ ಮುಂದೆ ಬಂದು ನಿಂತವು. ಮುಂದಿನದನ್ನು ಜೇಸನ್ ಸಿಂಹದ ಬಾಯಿಯ ಸಂದಿನಿಂದ ನೋಡಿ ನನಗೆ ಪಿಸುಗುಟ್ಟಿದ. ಅಜ್ಜಿ ಕುಂಚ ಎತ್ತಿದ್ದಾರೆ. ಪೊಪೊ ಮೊಣಕೈ ಹಿಡಿದಿದ್ದಾರೆ. ಒಂದು ಕಣ್ಣಾಯಿತು. ಇನ್ನೊಂದು. ಈಗ ಹಣೆ. ಹಣೆಗೆ ಬರೀ ಚುಕ್ಕಿ ಇಡಬೇಕಿತ್ತು, ಅವರು ಸುತ್ತ ಸುತ್ತ ದುಂಡಗೆ ತುಂಬುತ್ತಿದ್ದಾರೆ. ಪೊಪೊ ತಡೆಯುತ್ತಿಲ್ಲ.

ಡೋಲಿನ ಮೇಲೆ ಲಿಂಗ್ ಆಂಟಿಯ ಕೋಲು ಮಳೆಯ ಮೊದಲ ಹನಿಗಳ ಹಾಗೆ ಬಿಡಿಬಿಡಿಯಾಗಿ ಬಿತ್ತು. ಜೇಸನ್ ದಾರ ಎಳೆದ, ರೆಪ್ಪೆ ಬಡಿಯಿತು. ಸಭೆಯೆಲ್ಲ ಓ ಎಂದಿತು. ಕಿವಿ ಅಲ್ಲಾಡಿತು, ಬಾಯಿ ತೆರೆಯಿತು, ನನ್ನ ಬೆನ್ನು ಏರಿತು, ಸಿಂಹ ಎದ್ದು ನಿಂತಿತು. ಎಬ್ಬಿಸಿದವರಿಗೆ ಅದು ಮೊದಲು ತಲೆಬಾಗಬೇಕು. ನಾವು ಮೂರು ಸಲ ಬಾಗಿದೆವು. ಪ್ರತಿ ಸಲ ಬಾಗಿದಾಗಲೂ ನನಗೆ ಆ ಬೂದು ಶೂ ಕಂಡವು. ಸಿಂಹದ ಕಣ್ಣಿಗೆ ಎದುರಾಗಿ, ಎಲ್ಲಿ ನಿಂತಿದ್ದವೋ ಅಲ್ಲೇ. ಆಮೇಲೆ ತಾಳ ಮೊಳಗಿತು, ನಾನು ಕುಣಿದೆ, ಕಾಲು ನನ್ನದೋ ಸಿಂಹದ್ದೋ ತಿಳಿಯದಷ್ಟು ಕುಣಿದೆ. ಅಜ್ಜಿ ಹೇಳಿಕೊಟ್ಟ ಪೆಟ್ಟು ಬಂದಾಗ ಇಬ್ಬರೂ ಕಾದು ಹೆಜ್ಜೆಯಿಟ್ಟೆವು.

ಸಂಜೆ ಎಲ್ಲರೂ ಮುಂದಿನ ಮನೆಯಲ್ಲಿ ಸೇರಿದ್ದರು. ಎರಡನೆಯ ಗಂಟೆಯ ಚೀನಾ ಶುರುವಾಗಿತ್ತು. ಅಮ್ಮ ಅರ್ಥ ಗೊತ್ತಿಲ್ಲದ ಹಾಡಿಗೆ ಮೈಕು ಹಿಡಿದು ನಿಂತಿದ್ದಳು. ಅಜ್ಜಿ ಮಾತ್ರ ನಮ್ಮ ಕಡೆಗೆ ಬಂದು, ನನ್ನಿಂದ ನಂಬರು ಒತ್ತಿಸಿ, ಉಡುಪಿಯಲ್ಲಿದ್ದ ತಂಗಿಗೆ ಫೋನು ಮಾಡಿದರು. ಅಲ್ಲಿ ಆಗಷ್ಟೇ ಬೆಳಗಾಗಿತ್ತು. ನಡೆದದ್ದನ್ನೆಲ್ಲ ಹೇಳಿದರು: ಕೆಂಪು ಬಣ್ಣ, ಕುಂಚ, ಸೇರಿದ ಜನ. ಆ ಕಡೆಯ ದನಿ ಏರಿತು. ಅಕ್ಕಾ, ನಿನ್ನನ್ನು ಅದಕ್ಕೆಲ್ಲ ಬಿಟ್ಟದ್ದು ಯಾರು ಎಂದು ಚಿಕ್ಕಜ್ಜಿ ಕೇಳಿದ್ದು ನನಗೂ ಕೇಳಿಸಿತು.

“ಬಿಡುದು ಎಂತದು?” ಎಂದರು ಅಜ್ಜಿ. “ಕರೆದರು. ಹೋದೆ.”

ಮತ್ತೆ ಆ ಕಡೆಯಿಂದ ಏನೋ ಬಂತು. ಅಜ್ಜಿ ಕಾಯಲಿಲ್ಲ. ನಾಳೆ ಮಾತಾಡುವಾ, ಇಲ್ಲಿ ಮನೆ ತುಂಬ ಜನ ಇದ್ದಾರೆ ಎಂದು ಫೋನಿಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಹಾಡು ಕೇಳಿಬರುತ್ತಿದ್ದ ಕಡೆಗೆ ನನಗಿಂತ ಮೊದಲು ನಡೆದರು.